ಬೆತ್ತದ ಕತ್ತಿ, ಉಕ್ಕಿನ ಶಿರಸ್ತ್ರಾಣ: ಮಧ್ಯಯುಗದ ಕಾಳಗ ಪಂದ್ಯಕ್ಕೆ ಇಳಿಯುವುದು ಹೇಗೆ?

ಮೈಸೂರು ದಸರೆಯ ವಜ್ರಮುಷ್ಟಿ ಕಾಳಗದಲ್ಲಿ ಜೆಟ್ಟಿಯೊಬ್ಬನ ತಲೆಯಲ್ಲಿ ರಕ್ತ ಕಂಡ ಕೂಡಲೇ ಪಂದ್ಯ ನಿಲ್ಲುತ್ತದೆ. ಸುತ್ತ ನಿಂತವರಿಗೆಲ್ಲ ಕಾಣುವ ಗುರುತು ಅದು. ಇಲ್ಲಿ ಹೇಳಹೊರಟಿರುವ ಪಂದ್ಯದಲ್ಲಿ ಅಂಥ ಗುರುತೇ ಇಲ್ಲ. ಉಕ್ಕಿನ ಶಿರಸ್ತ್ರಾಣ ತೊಟ್ಟ ಇಬ್ಬರು ಬೆತ್ತದ ಕತ್ತಿ ಹಿಡಿದು ಬಲವಾಗಿಯೇ ಹೊಡೆದಾಡುತ್ತಾರೆ. ಏಟು ಸರಿಯಾಗಿ ಬಿತ್ತೋ ಇಲ್ಲವೋ ಎಂದು ತೀರ್ಪು ಕೊಡುವವನು ಏಟು ತಿಂದವನೇ. ಅಂಕ ಬರೆಯುವ ತೀರ್ಪುಗಾರರಿಲ್ಲ, ಮೈಗೆ ಸಿಕ್ಕಿಸುವ ಸೆನ್ಸರ್ ಇಲ್ಲ. ಕವಚ ಹೇಗಿರಬೇಕು, ಕತ್ತಿ ಎಷ್ಟು ದಪ್ಪವಿರಬೇಕು, ಅಭ್ಯಾಸ ಹೇಗೆ ಮಾಡಬೇಕು ಎಂಬುದನ್ನೆಲ್ಲ ಈ ಒಂದು ಪದ್ಧತಿಯೇ ನಿರ್ಧರಿಸುತ್ತದೆ.

ಇದನ್ನು ನಡೆಸುವ ಸಂಸ್ಥೆಯ ಹೆಸರು ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರೊನಿಸಮ್, ಚಿಕ್ಕದಾಗಿ ಎಸ್‌ಸಿಎ. 1966ರ ಮೇ 1ರಂದು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ, ಒಂದು ಮನೆಯ ಹಿತ್ತಿಲಲ್ಲಿ ನಡೆದ ಕೂಟದಿಂದ ಶುರುವಾದದ್ದು. ಇವತ್ತು ಅದಕ್ಕೆ 20 ‘ರಾಜ್ಯ’ಗಳಿವೆ. ಪ್ರತಿ ರಾಜ್ಯಕ್ಕೂ ರಾಜ, ರಾಣಿ ಇದ್ದಾರೆ, ಅವರ ಆಯ್ಕೆ ಕ್ರೌನ್ ಟೂರ್ನಮೆಂಟ್ ಎಂಬ ಕಾಳಗ ಪಂದ್ಯದಲ್ಲಿ ಆಗುತ್ತದೆ. ಉಕ್ಕಿನ ಆಯುಧಗಳಲ್ಲೇ ಬಡಿದಾಡುವ ‘ಬೂಹರ್ಟ್’ ಬೇರೆ ಆಟ. ಅದರ ದೊಡ್ಡ ಅಂತರರಾಷ್ಟ್ರೀಯ ಪಂದ್ಯ 2010ರಲ್ಲಿ ಉಕ್ರೇನಿನ ಖೋತಿನ್ ಕೋಟೆಯಲ್ಲಿ ಶುರುವಾಯಿತು. ಅಲ್ಲಿಗೆ ಹೋಗುವವರಿಗೂ ಬೆತ್ತದ ಕಾಳಗ ಒಳ್ಳೆಯ ಮೊದಲ ಶಾಲೆ. ಖರ್ಚು ಕಡಿಮೆ, ಗಾಯವೂ ಕಡಿಮೆ.

ಎಲ್ಲಿಗೆ ಹೋಗಬೇಕು

ರಾಜ್ಯಗಳ ಹೆಸರು ಮೊದಲಿಗೆ ಗೊಂದಲ ಹುಟ್ಟಿಸುತ್ತವೆ. ಕನ್ನಡಿಗರು ಹೆಚ್ಚಾಗಿರುವ ಊರುಗಳ ಲೆಕ್ಕದಲ್ಲಿ ಹೇಳುವುದಾದರೆ, ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾ ‘ವೆಸ್ಟ್’ ರಾಜ್ಯಕ್ಕೆ ಸೇರಿದ್ದು. ಸಿಯಾಟಲ್ ‘ಆನ್ ಟಿರ್’, ಟೆಕ್ಸಾಸ್ ‘ಆನ್‌ಸ್ಟಿಯೋರಾ’, ಶಿಕಾಗೊ ‘ಮಿಡಲ್’, ನ್ಯೂಜೆರ್ಸಿ ಮತ್ತು ಬಾಸ್ಟನ್ ‘ಈಸ್ಟ್’, ಟೊರಾಂಟೊ ‘ಈಲ್ಡೋರ್ಮಿಯರ್’. ಲಂಡನ್ನು, ಜರ್ಮನಿ ಎಲ್ಲ ‘ಡ್ರಾಕನ್‌ವಾಲ್ಡ್’ ಎಂಬ ಒಂದೇ ರಾಜ್ಯದೊಳಗೆ. ಸಿಡ್ನಿ, ಮೆಲ್ಬರ್ನ್ ‘ಲೋಕಾಕ್’. ರಾಜ್ಯದೊಳಗೆ ಊರಿನ ಮಟ್ಟದ ಗುಂಪುಗಳಿರುತ್ತವೆ. ಹೆಚ್ಚಿನವು ವಾರಕ್ಕೊಮ್ಮೆ ಉದ್ಯಾನವನದಲ್ಲೋ ಶಾಲೆಯ ಜಿಮ್ಮಿನಲ್ಲೋ ‘ಫೈಟರ್ ಪ್ರಾಕ್ಟೀಸ್’ ನಡೆಸುತ್ತವೆ.

ಮೊದಲ ದಿನ ಏನನ್ನೂ ಕೊಳ್ಳಬೇಡಿ. ಗಟ್ಟಿ ಶೂ, ಸಡಿಲ ಪ್ಯಾಂಟು, ಎರಡು ಲೀಟರ್ ನೀರು, ಗಂಡಸರಾದರೆ ಕ್ರಿಕೆಟ್‌ನಲ್ಲಿ ಹಾಕುವ ಗಾರ್ಡು, ಇಷ್ಟು ಸಾಕು. ಗಾರ್ಡು ಮಾತ್ರ ಸ್ವಂತದ್ದೇ ಇರಲಿ, ಕಾರಣ ಹೇಳಬೇಕಿಲ್ಲ. ಉಳಿದದ್ದನ್ನು ಗುಂಪಿನವರು ಎರವಲು ಕೊಡುತ್ತಾರೆ. ಅದಕ್ಕೆ ‘ಲೋನರ್ ಗೇರ್’ ಎಂದು ಹೆಸರು. ಸಾಮಾನ್ಯವಾಗಿ ಅದು ಬೆವರಿನ ವಾಸನೆ ಹೊಡೆಯುತ್ತದೆ, ಅಳತೆಗೆ ಕೂರುವುದಿಲ್ಲ. ಆದರೂ ನಿಮ್ಮ ಮೈಗೆ ಎಂಥ ಕವಚ ಬೇಕೆಂದು ತಿಳಿಯಲು ಅದಕ್ಕಿಂತ ಒಳ್ಳೆಯ ದಾರಿಯಿಲ್ಲ. ಅಪಾಯದ ಹೊಣೆ ನಿಮ್ಮದೇ ಎಂಬ ಒಪ್ಪಿಗೆಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ, ಓದಿಯೇ ಹಾಕಿ.

ಏಟಿನ ಲೆಕ್ಕ ಮೊದಲು ಕಲಿಯಿರಿ

ಕತ್ತಿ ಬೀಸುವುದಕ್ಕಿಂತ ಮೊದಲು ಏಟು ಒಪ್ಪಿಕೊಳ್ಳುವುದನ್ನು ಕಲಿಯಬೇಕು. ಹತ್ತಿಯ ದಪ್ಪ ಅಂಗಿಯ ಮೇಲೆ ಕಬ್ಬಿಣದ ಬಳೆಗಳ ಜಾಲರಿ ಅಂಗಿ, ತಲೆಗೆ ಮೂಗುಪಟ್ಟಿ ಇರುವ ತೆರೆದ ಮುಖದ ಶಿರಸ್ತ್ರಾಣ. ಎದುರಾಳಿ ನಿಜದಲ್ಲಿ ಏನೇ ತೊಟ್ಟಿದ್ದರೂ ಇದನ್ನೇ ತೊಟ್ಟಿದ್ದಾನೆ ಎಂದು ಭಾವಿಸಿ ಆಡುವುದು ಈ ಕಾಳಗದ ರೂಢಿ. ಆ ಕವಚವನ್ನು ಹರಿತ ಕತ್ತಿ ಭೇದಿಸುವಷ್ಟು ಬಲದಲ್ಲಿ ಏಟು ಬಿದ್ದರೆ ಅದು ‘ಗುಡ್’. ಬಲ ಸಾಲದಿದ್ದರೆ ‘ಲೈಟ್’. ಕತ್ತಿಯ ಬಾಯಿಯ ಬದಲು ಮಗ್ಗುಲು ತಾಗಿದ್ದರೆ ‘ಫ್ಲ್ಯಾಟ್’. ಈ ಮೂರೂ ಮಾತು ಏಟು ತಿಂದವರ ಬಾಯಿಂದ ಬರಬೇಕು, ಗಟ್ಟಿಯಾಗಿ ಬರಬೇಕು.

ತಲೆಗೋ ಮುಂಡಕ್ಕೋ ಒಳ್ಳೆಯ ಏಟು ಬಿದ್ದರೆ ನೀವು ಸತ್ತಂತೆ. ‘ಗುಡ್’ ಎಂದು ಹೇಳಿ ನೆಲಕ್ಕೆ ಬೀಳುತ್ತೀರಿ, ಇಲ್ಲವೇ ಕತ್ತಿ ಇಳಿಸಿ ನಿಲ್ಲುತ್ತೀರಿ. ತೋಳಿಗೆ ಬಿದ್ದರೆ ಆ ತೋಳು ಹೋಯಿತು, ಬೆನ್ನ ಹಿಂದೆ ಇಟ್ಟುಕೊಂಡು ಇನ್ನೊಂದರಿಂದ ಹೋರಾಡಬೇಕು. ತೊಡೆಗೆ ಬಿದ್ದರೆ ಮಂಡಿಯೂರಿ ಕೂತು ಹೋರಾಡಬೇಕು. ಮಂಡಿಗಿಂತ ಒಂದು ಇಂಚು ಮೇಲಿನ ಗೆರೆಯಿಂದ ಕೆಳಕ್ಕೆ ಹೊಡೆಯುವಂತಿಲ್ಲ, ಮಣಿಕಟ್ಟಿನಿಂದ ಬೆರಳ ತುದಿಯವರೆಗೂ ಹೊಡೆಯುವಂತಿಲ್ಲ. ಮುಖಕ್ಕೆ ತಿವಿತ ಮಾತ್ರ ಬೇರೆ ಲೆಕ್ಕ. ಶಿರಸ್ತ್ರಾಣ ತೆರೆದ ಮುಖದ್ದೆಂದು ಭಾವಿಸಿರುವುದರಿಂದ ಮುಖದ ಜಾಲರಿಗೆ ಕತ್ತಿಯ ತುದಿ ನೇರವಾಗಿ ತಾಗಿದರೆ ಸಾಕು, ಬಲ ಬೇಕಿಲ್ಲ.

ಎಷ್ಟು ಬಲ ಎಂದರೆ ಸಾಕಷ್ಟು ಬಲ? ಬರಹದಲ್ಲಿ ಹೇಳಲಾಗುವ ಸಂಗತಿಯಲ್ಲ, ಮೈಯೇ ಕಲಿಯಬೇಕು. ಮೊದಲ ತಿಂಗಳಲ್ಲೇ ಅನುಭವಿಗಳನ್ನು ಕೇಳಿ, ಹತ್ತು ಮಂದಿಯ ಕೈಯಲ್ಲಿ ಶಿರಸ್ತ್ರಾಣಕ್ಕೂ ಪಕ್ಕೆಗೂ ತೊಡೆಗೂ ‘ಸರಿಯಾಗಿ ಸಾಲುವಷ್ಟು’ ಏಟು ಹೊಡೆಸಿಕೊಳ್ಳಿ. ಆಮೇಲೆ ‘ಸ್ವಲ್ಪ ಸಾಲದಷ್ಟು’ ಹೊಡೆಯಲು ಹೇಳಿ. ಎರಡರ ನಡುವಿನ ಗೆರೆ ನಿಮ್ಮೊಳಗೆ ಕೂರುತ್ತದೆ. ಒಂದು ಎಚ್ಚರಿಕೆ: ಹೊಸ ಕವಚ ತೊಟ್ಟಾಗ, ಒಳಗಿನ ಫೋಮ್ ದಪ್ಪ ಮಾಡಿದಾಗ ಈ ಗೆರೆ ಜಾರುತ್ತದೆ. ಏಟು ಮೊದಲಿನಷ್ಟು ತಾಗುವುದಿಲ್ಲ. ಆಗ ಮತ್ತೊಮ್ಮೆ ಹೊಡೆಸಿಕೊಂಡು ಹೊಂದಿಸಿಕೊಳ್ಳಬೇಕು. ಏಟು ತಿಂದೂ ಒಪ್ಪದವರನ್ನು ಅಲ್ಲಿ ಘೇಂಡಾಮೃಗ ಎಂದು ಕರೆಯುತ್ತಾರೆ. ನಮ್ಮಲ್ಲಾದರೆ ಎಮ್ಮೆ ಚರ್ಮ ಎನ್ನುತ್ತಿದ್ದೆವು. ಅವರಲ್ಲಿ ಮುಕ್ಕಾಲು ಮಂದಿ ಮೋಸಗಾರರಲ್ಲ, ಕವಚಕ್ಕೆ ತಕ್ಕಂತೆ ಮೈಯನ್ನು ಹೊಂದಿಸಿಕೊಳ್ಳದವರು.

ಕವಚ: ಕಡ್ಡಾಯ ಯಾವುದು, ಏಕೆ

ಮೊದಲ ದುಡ್ಡು ಶಿರಸ್ತ್ರಾಣಕ್ಕೆ ಹೋಗಲಿ. ನಿಯಮದ ಪ್ರಕಾರ ಉಕ್ಕು ಕನಿಷ್ಠ 1.6 ಮಿಲಿಮೀಟರ್ ದಪ್ಪವಿರಬೇಕು, ಅದನ್ನು 16 ಗೇಜ್ ಎನ್ನುತ್ತಾರೆ. ಪಂದ್ಯಗಳಿಗೆ ಹೋಗುವವರು ಹೆಚ್ಚಾಗಿ ಸುಮಾರು 2 ಮಿಲಿಮೀಟರಿನ 14 ಗೇಜ್ ಕೊಳ್ಳುತ್ತಾರೆ. ಅದು ಬೇಗ ತಗ್ಗು ಬೀಳುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಹೆಚ್ಚಿನ ತೂಕವೇ ಏಟಿನ ಆಘಾತವನ್ನು ನುಂಗುತ್ತದೆ. ಹಗುರ ಶಿರಸ್ತ್ರಾಣ ಹೊತ್ತರೆ ಕುತ್ತಿಗೆಗೆ ಸುಖ, ಮಿದುಳಿಗೆ ಕಷ್ಟ. ಮುಖದ ಜಾಲರಿಯ ಸಂದಿನಲ್ಲಿ ಒಂದು ಇಂಚು ದಪ್ಪದ ಗೂಟ ತೂರಬಾರದು. ಸರಳುಗಳು ಕನಿಷ್ಠ 4.8 ಮಿಲಿಮೀಟರ್, ಅಡ್ಡಪಟ್ಟಿಗಳ ಅಂತರ 2 ಇಂಚಿಗಿಂತ ಹೆಚ್ಚಿದ್ದರೆ 6.35 ಮಿಲಿಮೀಟರ್. ತಲೆ ನೇರವಾಗಿಟ್ಟಾಗ ಜಾಲರಿ ಗಲ್ಲದಿಂದ ಒಂದು ಇಂಚಾದರೂ ಕೆಳಕ್ಕೆ ಬರಬೇಕು. ಒಳಗೆ ಕನಿಷ್ಠ ಅರ್ಧ ಇಂಚು ಗಟ್ಟಿ ಫೋಮ್ ಬೇಕು. ಸೋಫಾದ ಸ್ಪಂಜು ಆಗದು, ಒತ್ತಿದರೆ ಅದು ಕಾಗದದಂತಾಗುತ್ತದೆ. ಗಾಳಿಗುಳ್ಳೆಗಳು ಒಂದಕ್ಕೊಂದು ಸೇರದೆ ಮುಚ್ಚಿಕೊಂಡಿರುವ, ‘ಕ್ಲೋಸ್ಡ್ ಸೆಲ್’ ಎಂದು ಮಾರುವ ಫೋಮೇ ಆಗಬೇಕು. ಗಲ್ಲದ ಪಟ್ಟಿ ಅರ್ಧ ಇಂಚಾದರೂ ಅಗಲವಿರಲಿ, ಗಂಟಲಿಗೆ ಸಿಕ್ಕಿಕೊಳ್ಳದಂತೆ ದವಡೆಯ ಕೆಳಗೆ ಕೂರಲಿ.

ಮನೆಯಲ್ಲೇ ಪರೀಕ್ಷಿಸಬಹುದು. ಶಿರಸ್ತ್ರಾಣ ತೊಟ್ಟು ಪಟ್ಟಿ ಬಿಗಿದು, ಇನ್ನೊಬ್ಬರಿಗೆ ಜಾಲರಿ ಹಿಡಿದು ಮೇಲಕ್ಕೆ, ಕೆಳಕ್ಕೆ, ಅಕ್ಕಪಕ್ಕಕ್ಕೆ ಎಳೆಯಲು ಹೇಳಿ. ಮೂಗು, ಹಣೆ, ಗಲ್ಲ ಎಲ್ಲಿಯೂ ಉಕ್ಕಿಗೆ ತಾಗಬಾರದು. ತಲೆ ಬಿಟ್ಟು ಶಿರಸ್ತ್ರಾಣವೊಂದೇ ತಿರುಗಿದರೆ ಫೋಮ್ ಸೇರಿಸಿ. ಸುರಕ್ಷತೆ ನೋಡಿಕೊಳ್ಳುವ ಮೇಲ್ವಿಚಾರಕ, ಎಂದರೆ ಮಾರ್ಷಲ್, ಪಂದ್ಯದ ಬೆಳಗ್ಗೆ ಮಾಡುವುದೂ ಇದನ್ನೇ.

ಕುತ್ತಿಗೆಗೆ ಗಟ್ಟಿಪಟ್ಟಿ ಬೇಕು, ಅದಕ್ಕೆ ‘ಗಾರ್ಜೆಟ್’ ಎನ್ನುತ್ತಾರೆ. ಗಂಟಲಗಂಟು, ಕುತ್ತಿಗೆಯ ಮೂಳೆಗಳು, ಬೆನ್ನಿನ ಮೊದಲ ಮೂಳೆ ಇವು ಮುಚ್ಚಬೇಕು. ಶಿರಸ್ತ್ರಾಣದ ಹಿಂಭಾಗಕ್ಕೂ ಕುತ್ತಿಗೆಪಟ್ಟಿಗೂ ನಡುವೆ ಸಂದಿ ಬೀಳುವುದು ಹೊಸಬರ ಸಾಮಾನ್ಯ ದೋಷ. ತಲೆ ಬಾಗಿಸಿ ನೋಡಿದರೆ ಮಾತ್ರ ಅದು ಬಯಲಾಗುತ್ತದೆ. ಸೊಂಟದ ಹಿಂದೆ ಕಿಡ್ನಿ ಮುಚ್ಚುವಂತೆ ಸುಮಾರು 4 ಮಿಲಿಮೀಟರ್ ದಪ್ಪದ ತೊಗಲಿನ ಪಟ್ಟಿ, ಅದರ ಒಳಗೆ ಕಾಲು ಇಂಚು ಫೋಮ್. ಮೊಣಕೈಗೂ ಮಂಡಿಗೂ ಉಕ್ಕು ಅಥವಾ ಗಟ್ಟಿ ಪ್ಲಾಸ್ಟಿಕ್ಕಿನ ಚಿಪ್ಪು, ಅದರ ಕೆಳಗೂ ಕಾಲು ಇಂಚು ಫೋಮ್. ಚಿಪ್ಪು ಮೂಳೆಯ ತುದಿಯನ್ನಷ್ಟೇ ಮುಚ್ಚಿದರೆ ಸಾಲದು, ಕೀಲಿನ ಎರಡೂ ಪಕ್ಕ ಮುಚ್ಚಬೇಕು, ತೋಳು ಮಡಚಿದಾಗಲೂ ಮುಚ್ಚಿರಬೇಕು. ಕೈಗೆ ಉಕ್ಕಿನ ಕೈಗವಸು, ಇಲ್ಲವೇ ಕತ್ತಿಯ ಹಿಡಿಗೇ ಬೆಸೆದ ಬುಟ್ಟಿಯಾಕಾರದ ಪಂಜರ. ಪಂಜರ ಅಗ್ಗ, ಹಗುರ. ಆದರೆ ಮಣಿಕಟ್ಟು ತೆರೆದೇ ಉಳಿಯುತ್ತದೆ, ಅದಕ್ಕೆ ಬೇರೆ ಪಟ್ಟಿ ಕಟ್ಟಿ. ಹೆಂಗಸರಿಗೆ ಕೆಳಹೊಟ್ಟೆಯ ಮೂಳೆಯ ಮೇಲೆ ತೊಗಲು ಅಥವಾ ಫೋಮಿನ ರಕ್ಷಣೆ ಬೇಕು. ಎದೆಗೆ ಎರಡು ಬಿಡಿ ಕಪ್ಪುಗಳನ್ನು ಹಾಕುವಂತಿಲ್ಲ, ಏಟು ಬಿದ್ದಾಗ ಅವುಗಳ ಅಂಚೇ ಎದೆಯ ಮೂಳೆಗೆ ಚುಚ್ಚುತ್ತದೆ. ಎರಡನ್ನೂ ಸೇರಿಸುವ ಒಂದೇ ಗಟ್ಟಿ ಫಲಕವಿರಬೇಕು.

ನಿಯಮ ಇಷ್ಟಕ್ಕೇ ನಿಲ್ಲುತ್ತದೆ, ನೀವು ನಿಲ್ಲಬೇಡಿ. ತೊಡೆಗೂ ಮುಂಗೈಗೂ ಪಕ್ಕೆಗೂ ಕಡ್ಡಾಯವಿಲ್ಲ. ಆದರೆ ಹೊಸಬರು ಏಟು ತಿನ್ನುವುದು ಹೆಚ್ಚಾಗಿ ಅಲ್ಲೇ. ಹಳೆಯ ನೀಲಿ ಪ್ಲಾಸ್ಟಿಕ್ ಡ್ರಮ್ಮು ಕತ್ತರಿಸಿ, ಬಿಸಿ ಗಾಳಿಯಿಂದ ಬಾಗಿಸಿ, ಬಟ್ಟೆಯ ಒಳಗೆ ಅಡಗಿಸಿಡುವುದು ಅಲ್ಲಿಯ ಹಳೆಯ ಜಾಣತನ. ಎಲ್ಲ ಸೇರಿ ಮೈಮೇಲೆ 15–20 ಕಿಲೋ ಬೀಳುತ್ತದೆ. ಭಾರವನ್ನೆಲ್ಲ ಹೆಗಲಿಗೆ ಹೊರಿಸದೆ ಕಾಲಿನ ಕವಚವನ್ನು ಸೊಂಟದ ಅಗಲ ಪಟ್ಟಿಗೆ ಕಟ್ಟಿ, ಸಂಜೆ ಬೆನ್ನು ಉಳಿಯುತ್ತದೆ.

ಕತ್ತಿ ಕಟ್ಟುವುದು

ಮೇಷ್ಟ್ರ ಕೈಯಲ್ಲಿದ್ದ ಬೆತ್ತದ ಜಾತಿಯೇ ಇದು, ಆದರೆ ಹೆಬ್ಬೆರಳಿಗಿಂತ ದಪ್ಪ. ನಮ್ಮ ಪಶ್ಚಿಮ ಘಟ್ಟದಲ್ಲೂ ಬೆತ್ತ ಬೆಳೆಯುತ್ತದೆ. ಕಾಳಗಕ್ಕೆ ಬಳಸುವುದು ಮಾತ್ರ ಸಾಮಾನ್ಯವಾಗಿ ಆಗ್ನೇಯ ಏಷ್ಯಾದಿಂದ ಬರುವ ದಪ್ಪ ಬೆತ್ತ. ಬಿದಿರನ್ನೇಕೆ ಬಳಸುವುದಿಲ್ಲ? ಬಿದಿರು ಟೊಳ್ಳು, ಒಡೆದರೆ ಚಾಕುವಿನಂಥ ಸೀಳುಗಳು ಏಳುತ್ತವೆ, ಒಂದು ಸೀಳು ಜಾಲರಿಯ ಸಂದಿನಲ್ಲಿ ತೂರಿದರೆ ಕಣ್ಣು ಹೋಯಿತು. ಬೆತ್ತದ ಒಳಗೆ ಟೊಳ್ಳಿಲ್ಲ, ಉದ್ದಕ್ಕೂ ನಾರು. ಸವೆದಾಗ ಮುರಿಯುವುದಿಲ್ಲ, ಪೊರಕೆಯಂತೆ ಕೆದರಿ ಮೆತ್ತಗಾಗುತ್ತದೆ.

1. ಕನಿಷ್ಠ 1.25 ಇಂಚು, ಎಂದರೆ 32 ಮಿಲಿಮೀಟರ್ ವ್ಯಾಸದ ನೇರ ಬೆತ್ತ ಆರಿಸಿ. ಸವೆತ ಮತ್ತು ಕೆತ್ತನೆ ಕಳೆದೂ 32 ಉಳಿಯಬೇಕು, ಹಾಗಾಗಿ 34–35 ಇರುವುದನ್ನು ಕೊಳ್ಳಿ. ಮೊದಲ ಕತ್ತಿಗೆ ಒಟ್ಟು 90 ಸೆಂಟಿಮೀಟರ್ ಉದ್ದ ಸಾಕು.

2. ಗಿಣ್ಣುಗಳನ್ನು ಚಾಕುವಿನಿಂದ ಹೆರೆದು ಮಟ್ಟ ಮಾಡಿ, ಹೊರ ಸಿಪ್ಪೆಯನ್ನು ಮುಟ್ಟಬೇಡಿ. ಕತ್ತಿಗೆ ಬಲವಿರುವುದೇ ಆ ಸಿಪ್ಪೆಯಲ್ಲಿ.

3. ಹಿಡಿಯ ಭಾಗವನ್ನು ಮಾತ್ರ ನಿಮ್ಮ ಅಂಗೈಗೆ ತಕ್ಕಂತೆ ಮೊಟ್ಟೆಯಾಕಾರಕ್ಕೆ ಹೆರೆಯಿರಿ. ದುಂಡಗಿನ ಹಿಡಿ ಕೈಯಲ್ಲಿ ತಿರುಗುತ್ತದೆ, ಬಾಯಿ ಯಾವ ಕಡೆಗಿದೆಯೆಂದು ತಿಳಿಯುವುದಿಲ್ಲ, ಹೊಡೆದದ್ದೆಲ್ಲ ‘ಫ್ಲ್ಯಾಟ್’ ಆಗುತ್ತದೆ.

4. ತುದಿಯಿಂದ ಹಿಡಿಯವರೆಗೂ ನಾರಿನ ಟೇಪು ಉದ್ದಕ್ಕೆ ಹಚ್ಚಿ, ಅದರ ಮೇಲೆ ಡಕ್ಟ್ ಟೇಪು ಸುತ್ತಿ. ಬೆತ್ತ ಎಲ್ಲಿಯೂ ಕಾಣಬಾರದು. ಕತ್ತಿಯ ಬಾಯಿ ಎಲ್ಲಿದೆಯೆಂದು ಬೇರೆ ಬಣ್ಣದ ಟೇಪಿನಿಂದ ಗೆರೆ ಹಾಕಿ.

5. ತಿವಿಯುವ ಇಚ್ಛೆಯಿದ್ದರೆ ತುದಿಗೆ ಫೋಮಿನ ಮೊನೆ ಬೇಕು. ಒತ್ತಿದಾಗ ಅರ್ಧ ಇಂಚು ಕುಗ್ಗಬೇಕು, ಒಳಗಿನ ಬೆತ್ತ ಬೆರಳಿಗೆ ಸಿಗಬಾರದು. ಮೊದಲ ಪಂದ್ಯಕ್ಕೆ ಮೊನೆಯಿಲ್ಲದ ಕತ್ತಿಯೇ ವಾಸಿ, ಕಲಿಯಬೇಕಾದದ್ದು ಒಂದು ಕಡಿಮೆ.

6. ಪಂಜರವನ್ನು ಪೈಪಿಗೆ ಹಾಕುವ ಎರಡು ಕ್ಲಾಂಪುಗಳಿಂದ ಬಿಗಿಯಿರಿ, ಕ್ಲಾಂಪಿನ ತಿರುಪಿನ ತಲೆಗೆ ಟೇಪು ಹಚ್ಚಿ. ಕತ್ತಿ ಕೈಬಿಟ್ಟು ಹಾರದಂತೆ ಮಣಿಕಟ್ಟಿಗೆ ದಾರ ಕಡ್ಡಾಯ.

ಗುರಾಣಿಗೆ ಅರ್ಧ ಇಂಚಿನ ಪ್ಲೈವುಡ್ ಸಾಕು. ದುಂಡಗಿನದಾದರೆ 60–65 ಸೆಂಟಿಮೀಟರ್ ವ್ಯಾಸ. ಅಂಚಿಗೆ ಉದ್ದಕ್ಕೆ ಸೀಳಿದ ರಬ್ಬರ್ ಪೈಪು ಸಿಕ್ಕಿಸಿ ದಾರದಿಂದ ಹೊಲಿಯಿರಿ. ಬರೀ ಟೇಪಿನಿಂದ ಅಂಟಿಸಿದ ಪೈಪು ಎರಡನೆಯ ಸುತ್ತಿಗೇ ಕಿತ್ತುಬರುತ್ತದೆ.

ಅಭ್ಯಾಸ

ಮೊದಲ ಮೂರು ತಿಂಗಳಿಗೆ ಒಂದೇ ಹೊಡೆತ ಸಾಕು, ‘ಫ್ಲ್ಯಾಟ್ ಸ್ನ್ಯಾಪ್’. ಹೆಸರಿನಲ್ಲಿ ಫ್ಲ್ಯಾಟ್ ಇದ್ದರೂ ಬಾಯಿಯಿಂದಲೇ ಹೊಡೆಯಬೇಕು, ಅಡ್ಡಡ್ಡವಾಗಿ ಹೋಗುವುದರಿಂದ ಆ ಹೆಸರು. ಕೈ ಕಿವಿಯ ಹತ್ತಿರ, ಕತ್ತಿಯ ತುದಿ ಹಿಂದಕ್ಕೆ ಇಳಿಬಿದ್ದಿರಲಿ. ಹಿಂಗಾಲು ನೆಲ ಒದೆಯುತ್ತದೆ, ಸೊಂಟ ತಿರುಗುತ್ತದೆ, ಹೆಗಲು ಹಿಂಬಾಲಿಸುತ್ತದೆ, ಮೊಣಕೈ ಬಿಚ್ಚಿಕೊಳ್ಳುತ್ತದೆ, ಎಲ್ಲಕ್ಕೂ ಕೊನೆಗೆ ಮಣಿಕಟ್ಟು. ತಾಗುವ ಕ್ಷಣಕ್ಕೆ ಮಾತ್ರ ಬೆರಳುಗಳು ಬಿಗಿಯುತ್ತವೆ. ಎದುರಾಳಿಯ ಶಿರಸ್ತ್ರಾಣದ ಎಡ ಕಪೋಲಕ್ಕೆ ಅದು ಬೀಳುತ್ತದೆ. ಹೊಸಬರು ಸೊಂಟ ತಿರುಗಿಸದೆ ಬರೀ ತೋಳಿನಿಂದ ಹೊಡೆಯುತ್ತಾರೆ. ಎದುರಿನವರು ‘ಲೈಟ್’ ಎನ್ನುತ್ತಾರೆ, ಇವರು ಇನ್ನೂ ಜೋರಾಗಿ ತೋಳನ್ನೇ ಬೀಸುತ್ತಾರೆ, ಎರಡು ತಿಂಗಳಲ್ಲಿ ಮೊಣಕೈ ನೋವು ಕಾಯಂ.

ಮನೆಯ ಹಿಂದೆ ಆಳೆತ್ತರದ ಕಂಬ ನೆಟ್ಟು ಹಳೆಯ ಟೈರು ಅಥವಾ ಕಂಬಳಿ ಸುತ್ತಿ. ಇದಕ್ಕೆ ‘ಪೆಲ್’ ಎಂದು ಹೆಸರು. ಗರಡಿಮನೆಯಲ್ಲಿ ಸಾಮು ಮಾಡಿದವರಿಗೆ ಇದರ ಮರ್ಮ ಹೇಳಿಕೊಡಬೇಕಿಲ್ಲ: ದಿನಕ್ಕೆ ನೂರು ಏಟು, ವಾರಕ್ಕೆ ಐದು ದಿನ, ಮೊದಲು ನಿಧಾನ. ತಲೆಗೆ ಐವತ್ತು, ತೊಡೆಗೆ ಮೂವತ್ತು, ತಲೆಯಿಂದ ತೊಡೆಗೆ ಜೋಡಿ ಏಟು ಹತ್ತು. ಕೈ ಸೋತ ಮೇಲೆ ನಿಲ್ಲಿಸಿ, ಸೋತ ಕೈ ತಪ್ಪು ರೂಢಿಯನ್ನೇ ಕಲಿಯುತ್ತದೆ.

ಗುರಾಣಿ ಹಿಡಿಯುವುದರಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ, ಏಟು ಬರುವಾಗ ಗುರಾಣಿಯನ್ನು ಕಣ್ಣಿಗೇ ಅಡ್ಡ ಹಿಡಿಯುವುದು. ಆ ಕ್ಷಣದಲ್ಲಿ ನಿಮಗೆ ಏನೂ ಕಾಣುವುದಿಲ್ಲ, ಜಾಣ ಎದುರಾಳಿ ಅದಕ್ಕೇ ಕಾದಿರುತ್ತಾನೆ. ತಲೆಗೆ ಹೊಡೆದಂತೆ ಮಾಡಿ ತೊಡೆಗೆ ಹೊಡೆಯುತ್ತಾನೆ. ಮೇಲಂಚು ಕಣ್ಣಿನ ಸ್ವಲ್ಪ ಕೆಳಗಿರಲಿ, ಗುರಾಣಿ ಮೈಯಿಂದ ಒಂದು ಗೇಣು ಮುಂದಿರಲಿ, ಅಡಿಗಟ್ಟಲೆ ಅಲ್ಲ, ಬೆರಳಗಲದಷ್ಟೇ ಅಲುಗಾಡಲಿ. ದೂರದ ಅಂದಾಜೂ ಬೇಕು. 90 ಸೆಂಟಿಮೀಟರ್ ಕತ್ತಿ, ಚಾಚಿದ ತೋಳು ಸೇರಿ ಸುಮಾರು ಒಂದೂವರೆ ಮೀಟರಿನೊಳಗೆ ಬಂದವನು ಹೊಡೆಯಬಲ್ಲ. ಆ ಗೆರೆಯೊಳಗೆ ಸುಮ್ಮನೆ ನಿಲ್ಲಬೇಡಿ. ಹೋದರೆ ಹೊಡೆಯಲಿಕ್ಕೆ ಹೋಗಿ, ಹೊಡೆದು ಹೊರಬನ್ನಿ.

ಅನುಮತಿ ಪರೀಕ್ಷೆ

ಪಂದ್ಯಕ್ಕಿಳಿಯಲು ‘ಆಥರೈಸೇಶನ್’ ಬೇಕು. 18 ತುಂಬಿರಬೇಕು, 16–17ರವರಿಗೆ ತಂದೆತಾಯಿಯ ಒಪ್ಪಿಗೆಯೊಂದಿಗೆ ಬೇರೆ ವಿಧಾನವಿದೆ. ಮಾರ್ಷಲ್‌ಗಳು ಮೊದಲು ನಿಯಮ ಕೇಳುತ್ತಾರೆ, ಕವಚ ನೋಡುತ್ತಾರೆ, ಅನುಭವಿಯೊಬ್ಬರ ಎದುರು ಕಾದಾಡಿಸುತ್ತಾರೆ. ಮಂಡಿಯೂರಿ, ಒಂದು ತೋಳು ಕಳೆದುಕೊಂಡು ಆಡಿಸುತ್ತಾರೆ. ನಡುವೆ ಇದ್ದಕ್ಕಿದ್ದಂತೆ ‘ಹೋಲ್ಡ್!’ ಎಂದು ಕೂಗುತ್ತಾರೆ.

ಆ ಕೂಗು ಕೇಳಿದ ಕೂಡಲೇ ಇದ್ದಲ್ಲೇ ನಿಲ್ಲಬೇಕು. ಎತ್ತಿದ ಕತ್ತಿಯೂ ಅಲ್ಲೇ ನಿಲ್ಲಬೇಕು. ಯಾರು ಬೇಕಾದರೂ ಕೂಗಬಹುದು, ನೋಡುತ್ತ ಕೂತ ಮಗುವೂ ಕೂಗಬಹುದು. ಪಟ್ಟಿ ಕಳಚಿತು, ಯಾರೋ ಬಿದ್ದರು, ಅಂಗಳಕ್ಕೆ ನಾಯಿ ಬಂತು, ಕಾರಣ ಏನೇ ಇರಲಿ.

ಈ ಪರೀಕ್ಷೆಯಲ್ಲಿ ಸೋಲು ಗೆಲುವಿಗೆ ಬೆಲೆಯಿಲ್ಲ. ಆರು ಸಲ ಸತ್ತವರೂ ಪಾಸಾಗುತ್ತಾರೆ. ಏಟು ಬರುವಾಗ ಕಣ್ಣುಮುಚ್ಚಿ ಮುಖ ತಿರುಗಿಸುವವರು, ಕೋಪಕ್ಕೆ ಬಲ ಏರಿಸುತ್ತ ಹೋಗುವವರು, ಸ್ಪಷ್ಟವಾಗಿ ಬಿದ್ದ ಏಟನ್ನು ಹೇಳದವರು ನಪಾಸು. ಮೊದಲ ಅನುಮತಿ ಕತ್ತಿ–ಗುರಾಣಿಗೆ ಇರಲಿ. ಎರಡೂ ಕೈಯಲ್ಲಿ ಹಿಡಿಯುವ ಕತ್ತಿ, ಭರ್ಜಿ ಮೊದಲಾದವಕ್ಕೆ ಆಮೇಲೆ ಬೇರೆ ಬೇರೆ ಪರೀಕ್ಷೆ ಕೊಡಬಹುದು.

ಉಡುಗೆ

ಪಂದ್ಯಕ್ಕೆ ಬರುವವರೆಲ್ಲ 17ನೇ ಶತಮಾನಕ್ಕಿಂತ ಹಿಂದಿನ ಉಡುಗೆ ತೊಡುವ ಪ್ರಯತ್ನವನ್ನಾದರೂ ಮಾಡಬೇಕು. ಪ್ಲಾಸ್ಟಿಕ್ ಕವಚ ಕಾಣದಂತೆ ಮೇಲೊಂದು ಅಂಗಿ ಬೇಕೇ ಬೇಕು. ಎಲ್ಲರೂ ಇಂಗ್ಲಿಷ್ ನೈಟ್ ಆಗಬೇಕೆಂದೇನಿಲ್ಲ. ಕನ್ನಡಿಗರಿಗೆ ವಿಜಯನಗರ ಹೇಳಿ ಮಾಡಿಸಿದ ಕಾಲ. ಪೋರ್ಚುಗೀಸರು ಹಂಪಿಗೆ ಬಂದು ಹೋಗಿ ಬರೆದಿಟ್ಟ 16ನೇ ಶತಮಾನ ಸರಿಯಾಗಿ ಈ ಚೌಕಟ್ಟಿನೊಳಗಿದೆ. ಆ ಆಸ್ಥಾನದವರು ತೊಡುತ್ತಿದ್ದ ಕಬಾಯಿ, ಎಂದರೆ ಉದ್ದ ತೋಳಿನ ಬಿಳಿ ಹತ್ತಿಯ ನಿಲುವಂಗಿ, ಕವಚದ ಮೇಲೆ ಚೆನ್ನಾಗಿ ಕೂರುತ್ತದೆ. ಬಿಸಿಲಿಗೂ ಒಳ್ಳೆಯದು. ಎರಡು ಪಕ್ಕ ಸೊಂಟದವರೆಗೆ ಸೀಳು ಬಿಡಿಸಿ, ಇಲ್ಲದಿದ್ದರೆ ಮಂಡಿಯೂರುವಾಗ ಅಂಗಿ ಮೆಟ್ಟಿ ಬೀಳುತ್ತೀರಿ. ಉದ್ದ ಟೋಪಿ ಕುಳ್ಳಾಯಿ ಮೆರವಣಿಗೆಗೆ ಮಾತ್ರ, ಕಾಳಗದಲ್ಲಿ ಶಿರಸ್ತ್ರಾಣವೇ. ಲೇಪಾಕ್ಷಿಯ ಚಾವಣಿ ಚಿತ್ರಗಳಲ್ಲಿ ಎರಡೂ ಕಾಣುತ್ತವೆ, ದರ್ಜಿಗೆ ತೋರಿಸಲು ಅದಕ್ಕಿಂತ ಒಳ್ಳೆಯ ಮಾದರಿಯಿಲ್ಲ.

ಪಂದ್ಯದ ದಿನ

ಹಿಂದಿನ ರಾತ್ರಿಯೇ ಪ್ರತಿ ಪಟ್ಟಿ, ರಿವೆಟ್ಟು, ಬಕಲು ಎಳೆದು ನೋಡಿ. ಚೀಲದಲ್ಲಿ ಒಂದು ಸುರುಳಿ ಡಕ್ಟ್ ಟೇಪು, ಶೂ ಲೇಸು ನಾಲ್ಕು, ಪ್ಲಾಸ್ಟಿಕ್ ಜಿಪ್ ಟೈಗಳು, ತಿರುಪುಳಿ, ಎರಡನೆಯ ಕತ್ತಿ ಇರಲಿ. ಪಂದ್ಯದಲ್ಲಿ ಮೊದಲು ಕೈಕೊಡುವುದು ಮಂಡಿಯ ಹಿಂದಿನ ತೊಗಲುಪಟ್ಟಿ, ಬೆವರಿಗೆ ನೆನೆದು ಮಡಚಿ ಮಡಚಿ ಹರಿಯುತ್ತದೆ. ಕನ್ನಡಕದವರು ಪಾಲಿಕಾರ್ಬೊನೇಟ್ ಗಾಜು, ತಲೆಯ ಹಿಂದೆ ಎಲಾಸ್ಟಿಕ್ ಹಾಕಿಕೊಳ್ಳಿ. ಶಿರಸ್ತ್ರಾಣದೊಳಗೆ ಜಾರಿದ ಕನ್ನಡಕವನ್ನು ಸರಿಪಡಿಸಲು ಬೆರಳು ತೂರುವುದಿಲ್ಲ.

ಪ್ರವೇಶದ್ವಾರದಲ್ಲಿ ಶುಲ್ಕ, ಸಹಿ. ಸದಸ್ಯರಲ್ಲದವರಿಗೆ ಸ್ವಲ್ಪ ಹೆಚ್ಚು. ಅಲ್ಲಿಂದ ನೇರ ಕವಚ ಪರೀಕ್ಷೆಗೆ ಹೋಗಿ, ಎಲ್ಲ ತೊಟ್ಟುಕೊಂಡೇ ಹೋಗಬೇಕು. ಕತ್ತಿಯನ್ನು ಬೇರೆಯಾಗಿ ನೋಡುತ್ತಾರೆ, ತುದಿ ಮೆತ್ತಗಾಗಿದ್ದರೆ ಹಿಂದಿರುಗಿಸುತ್ತಾರೆ. ಆಮೇಲೆ ‘ಲಿಸ್ಟ್’ ಮೇಜಿನಲ್ಲಿ ಅನುಮತಿ ಚೀಟಿ ತೋರಿಸಿ ಹೆಸರು ಬರೆಸಿ. ಸಾಲು ಕೊನೆಯ ಹತ್ತು ನಿಮಿಷದಲ್ಲೇ ಉದ್ದವಾಗುವುದು, ಬೇಗ ಹೋಗಿ.

ಸಾಮಾನ್ಯ ಪಂದ್ಯ ‘ಡಬಲ್ ಎಲಿಮಿನೇಶನ್’, ಎರಡು ಸಲ ಸೋತರೆ ಹೊರಗೆ. ಅಂದರೆ ದೂರದಿಂದ ಬಂದ ಹೊಸಬರಿಗೂ ಕನಿಷ್ಠ ಎರಡು ಕಾಳಗ ಖಂಡಿತ. 32 ಮಂದಿಯ ಪಂದ್ಯದಲ್ಲಿ ಒಟ್ಟು 62 ಅಥವಾ 63 ಕಾಳಗಗಳಾಗುತ್ತವೆ, ಇಬ್ಬರೂ ಒಟ್ಟಿಗೆ ಸತ್ತು ಮತ್ತೆ ಆಡಿದ್ದು ಬೇರೆ. ಒಂದೊಂದು ಕಾಳಗ ಕೆಲವೇ ಕ್ಷಣದಲ್ಲಿ ಮುಗಿಯಬಹುದು. ಕಾಯುವುದೇ ಹೆಚ್ಚು. ಕಾಯುವಾಗ ಶಿರಸ್ತ್ರಾಣ ತೆಗೆದು ನೆರಳಲ್ಲಿ ಕೂತುಕೊಳ್ಳಿ. ಆದರೆ ಘೋಷಕರು ಮುಂದಿನ ಜೋಡಿಯ ಹೆಸರು ಕೂಗುವಾಗ ಕಿವಿ ಅತ್ತಲೇ ಇರಲಿ. ಈ ಆಟಕ್ಕೆಂದು ನೀವು ಇಟ್ಟುಕೊಂಡ ಅಡ್ಡಹೆಸರನ್ನು ಅವರು ಖಂಡಿತ ತಪ್ಪಾಗಿ ಕೂಗುತ್ತಾರೆ.

‘ಬೇರ್ ಪಿಟ್’ ಎಂಬುದು ಗೆದ್ದವರು ಅಂಗಳದಲ್ಲೇ ಉಳಿದು, ಸೋತವರು ಸಾಲಿನ ಕೊನೆಗೆ ಹೋಗುವ ಆಟ. ಒಂದು ಗಂಟೆಯಲ್ಲಿ ಹತ್ತಾರು ಕಾಳಗ ಸಿಗುತ್ತವೆ. ಮೊದಲ ಪಂದ್ಯಕ್ಕೆ ನಾವು ಆರಿಸಿ ಕೊಡುವುದು ಅದನ್ನೇ. ಕ್ರೌನ್ ಟೂರ್ನಮೆಂಟಿಗೆ ಈಗಲೇ ಕೈಹಾಕಬೇಡಿ. ಅಲ್ಲಿ ಹೋರಾಡುವವರೂ, ಅವರು ಯಾರ ಪರವಾಗಿ ಹೋರಾಡುತ್ತಾರೋ ಆ ಸಂಗಾತಿಯೂ ಸದಸ್ಯರಾಗಿರಬೇಕು. ಗೆದ್ದರೆ ತಿಂಗಳುಗಟ್ಟಲೆ ರಾಜ್ಯಭಾರ, ವಾರಾಂತ್ಯವೆಲ್ಲ ಪ್ರಯಾಣ.

ಅಂಗಳಕ್ಕಿಳಿದ ಮೇಲೆ ಮೂರು ವಂದನೆ: ಸಿಂಹಾಸನಕ್ಕೆ, ನೀವು ಯಾರ ಪರವೋ ಅವರಿಗೆ, ಎದುರಾಳಿಗೆ. ಮಾರ್ಷಲ್ ‘ಲೇ ಆನ್!’ ಎಂದ ಮೇಲೆ ಶುರು. ಎದೆ ಡವಡವಿಸುವಾಗ ಹೊಸಬರು ಉಸಿರು ಬಿಗಿಹಿಡಿದು ಹತ್ತು ಏಟು ಒಟ್ಟಿಗೆ ಬೀಸುತ್ತಾರೆ, ಹನ್ನೊಂದನೆಯದಕ್ಕೆ ತೋಳು ಏಳುವುದಿಲ್ಲ. ಎರಡು ಏಟು, ಒಂದು ಹೆಜ್ಜೆ ಹಿಂದೆ, ಒಂದು ಉಸಿರು. ಗುರಾಣಿಯಿಂದ ಒತ್ತಬಹುದು, ಗುದ್ದುವಂತಿಲ್ಲ. ಹಿಡಿದೆಳೆಯುವುದು, ಒದೆಯುವುದು ನಿಷಿದ್ಧ. ಎದುರಾಳಿಯ ಕತ್ತಿ ಕೆಳಗೆ ಬಿದ್ದರೆ ಹಿಂದೆ ಸರಿದು ಎತ್ತಿಕೊಳ್ಳಲು ಬಿಡುವುದು ಅಲ್ಲಿನ ನಡಾವಳಿ. ನಿಮ್ಮ ಏಟಿಗೆ ಅವನು ಮಂಡಿಯೂರಿದರೆ ಸುತ್ತು ಹಾಕಿ ಬೆನ್ನಿಗೆ ಹೋಗುವವರಿಗೆ ಚಪ್ಪಾಳೆ ಬೀಳುವುದಿಲ್ಲ.

ಅವನ ತಲೆಗೆ ನೀವು ಹೊಡೆದ ಏಟು ಸದ್ದು ಮಾಡಿತು, ಅವನು ಮಾತಾಡಲಿಲ್ಲ. ಏನು ಮಾಡಬೇಕು? ಮುಂದಿನ ಏಟು ಹೊಡೆಯಬೇಕು, ಅಷ್ಟೇ. ‘ಬಿದ್ದಿತಲ್ಲ!’ ಎಂದು ಕೂಗುವ ಹಕ್ಕು ನಿಮಗಿಲ್ಲ, ಅಂಗಳದ ಹೊರಗೆ ನಿಂತ ನಿಮ್ಮವರಿಗೂ ಇಲ್ಲ. ಅವನ ಗುರಾಣಿಗೆ ತಾಗಿ ಬಲ ಕಳೆದುಕೊಂಡ ಏಟೂ ಹೊರಗಿನಿಂದ ಭರ್ಜರಿಯಾಗಿಯೇ ಕೇಳಿಸುತ್ತದೆ. ನಿಮಗೆ ಬಿದ್ದ ಏಟಿನ ಬಗ್ಗೆ ಅನುಮಾನ ಬಂದರೆ ಮಾತ್ರ ನಿಂತು ಎದುರಾಳಿಯನ್ನೇ ಕೇಳಿ, ‘ಅಂಚು ತಾಗಿತೇ, ಮಗ್ಗುಲೇ?’ ಅನುಮಾನ ಹೋಗದಿದ್ದರೆ ಸಾಯುವುದೇ ಲೇಸು, ಈ ಮೈದಾನದಲ್ಲಿ ನೀವು ಇನ್ನೂ ಹತ್ತು ವರ್ಷ ಇದೇ ಮಂದಿಯೊಡನೆ ಆಡಬೇಕು.

ನೀರಿನ ವಿಷಯ. ಉಕ್ಕಿನೊಳಗೆ ಬಿಸಿಲಲ್ಲಿ ನಿಂತವರಿಗೆ ಬಾಯಾರಿಕೆ ತಡವಾಗಿ ತಿಳಿಯುತ್ತದೆ. ಪ್ರತಿ ಕಾಳಗದ ನಂತರ ಕಾಲು ಲೀಟರ್ ಕುಡಿಯಿರಿ, ಬರೀ ನೀರಲ್ಲ. ಅಲ್ಲಿ ಉಪ್ಪಿನಕಾಯಿ ನೀರನ್ನೇ ಕುಡಿಯುತ್ತಾರೆ! ನಮ್ಮ ಮಾವಿನ ಮಿಡಿಯದ್ದಲ್ಲ, ಉಪ್ಪುನೀರಲ್ಲಿ ನೆನೆಸಿಟ್ಟ ಸೌತೆಕಾಯಿಯ ನೀರು. ನಿಂಬೆ ಪಾನಕಕ್ಕೆ ಎರಡು ಚಿಟಿಕೆ ಉಪ್ಪು ಹೆಚ್ಚು ಹಾಕಿದರೂ ಆಗುತ್ತದೆ. ಬೆವರು ನಿಂತು ಮೈ ನಡುಗಿದರೆ, ತಲೆ ಸುತ್ತಿದರೆ ಶಿರಸ್ತ್ರಾಣ ಕಳಚಿ, ನೆರಳಿಗೆ ಹೋಗಿ, ಅವತ್ತಿಗೆ ಮುಗಿಯಿತು. ತಲೆಗೆ ಏಟು ಬಿದ್ದ ಮೇಲೆ ಕಣ್ಣು ಮಂಜಾದರೆ, ವಾಂತಿ ಬಂದರೆ, ಬೆಳಗಿನ ತಿಂಡಿ ಏನೆಂದು ನೆನಪಾಗದಿದ್ದರೂ ಅಷ್ಟೇ. ಫೈನಲ್ ಆದರೂ ಬಿಟ್ಟು ವೈದ್ಯರ ಬಳಿ ಹೋಗಬೇಕು.

ಒಂದೆರಡು ಪಂದ್ಯ ಆದ ಮೇಲೆ ಪೆನ್ಸಿಕ್ ಎಂಬ ಎಸ್‌ಸಿಎಯ ದೊಡ್ಡ ಕೂಟಕ್ಕೆ ಹೋಗುವ ಮನಸ್ಸಾಗುತ್ತದೆ. ಪೆನ್ಸಿಲ್ವೇನಿಯಾದ ಸ್ಲಿಪರಿ ರಾಕ್ ಹತ್ತಿರದ ಕೂಪರ್ಸ್ ಲೇಕ್ ಬಯಲಿನಲ್ಲಿ ಜುಲೈ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಡೇರೆ ಹಾಕಿ ನಡೆಯುವ ಅದರಲ್ಲಿ ಹತ್ತು ಸಾವಿರದಷ್ಟು ಜನ ಸೇರುತ್ತಾರೆ. ಅಲ್ಲಿನದು ನೂರಾರು ಜನರ ಸಾಲುಗಳ ಯುದ್ಧ. ಒಬ್ಬೊಬ್ಬರಾಗಿ ಆಡಿದ ಅಭ್ಯಾಸ ಅಲ್ಲಿ ಅರ್ಧ ಮಾತ್ರ ಉಪಯೋಗಕ್ಕೆ ಬರುತ್ತದೆ, ಗುಂಪಿನೊಂದಿಗೆ ಬೇರೆಯಾಗಿ ಕಲಿತು ಹೋಗಿ.

ಮನೆಗೆ ಬಂದ ಮೇಲೆ

ಎಷ್ಟೇ ದಣಿದಿದ್ದರೂ ಚೀಲವನ್ನು ಕಾರಿನಲ್ಲಿ ಬಿಡಬೇಡಿ. ಶಿರಸ್ತ್ರಾಣದ ಒಳಗನ್ನು ಒರೆಸಿ, ಹೊರಗೆ ತೆಳ್ಳಗೆ ಎಣ್ಣೆ ಸವರಿ. ಬೆವರಿನ ಉಪ್ಪು ರಾತ್ರಿಯೊಂದರಲ್ಲೇ ತುಕ್ಕು ತರುತ್ತದೆ. ತೊಗಲುಪಟ್ಟಿಗಳನ್ನು ನೆರಳಲ್ಲಿ ಒಣಗಿಸಿ, ಬಿಸಿಲಿಗಿಟ್ಟರೆ ಸೀಳುತ್ತವೆ. ಕತ್ತಿಯ ಟೇಪನ್ನು ಉದ್ದಕ್ಕೂ ಬೆರಳಿನಿಂದ ಒತ್ತುತ್ತ ಹೋಗಿ. ಎಲ್ಲಾದರೂ ಹಣ್ಣಾದ ಬಾಳೆಯಂತೆ ಮೆತ್ತಗೆ ಸಿಕ್ಕಿದರೆ ಅಲ್ಲಿಗೆ ಅದರ ಆಯುಸ್ಸು ಮುಗಿಯಿತು, ಪಂಜರ ಬಿಚ್ಚಿಟ್ಟು ಬೆತ್ತವನ್ನು ಟೊಮೇಟೊ ಗಿಡಕ್ಕೆ ಊರುಗೋಲು ಮಾಡಿ. ಒಳಗಿನ ಹತ್ತಿಯ ದಪ್ಪ ಅಂಗಿಯನ್ನು ಆ ರಾತ್ರಿಯೇ ಹಗ್ಗಕ್ಕೆ ಹಾಕಿ. ಮಡಚಿಟ್ಟು ಮರೆತರೆ ಮುಂದಿನ ಅಭ್ಯಾಸದಲ್ಲಿ ನಿಮ್ಮೆದುರು ಕತ್ತಿ ಹಿಡಿದು ಒಂದೂವರೆ ಮೀಟರಿನೊಳಗೆ ಯಾರೂ ಬರುವುದಿಲ್ಲ.